ಊರು ಬದಲಿಸುವ ಮುನ್ನ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳ ಭಿಶಿಯ ದಿನ ನಮ್ಮ ಗೆಳತಿಯೊಬ್ಬಳು ಕಣ್ಣಲ್ಲಿ ನೀರು ತಂದುಕೊಂಡಳು. "ಇದ ನನ್ನ ಕಡೀ ಭಿಶಿ ಅಕ್ಕಾ. ಮನಿಯವರು ರಿಟೈರ್ ಆದ್ರು. ಊರಿಗೆ ಹೋಗೂದು ಅಂತ ಗಟ್ಟಿ ಆಗೇದ" ಅಂದಳು. "ಯಾರು ಗಟ್ಟಿ ಮಾಡಿದ್ರು?" ಅಂತ ಕೇಳಿದೆ. ಉತ್ತರ ಬರಲಿಲ್ಲ. ಅವಳ ಆ ಸುಮ್ಮನಿರುವಿಕೆಯೇ ಇವತ್ತು ನಾನು ಇಲ್ಲಿ ನಿಂತು ಮಾತಾಡಲು ಕಾರಣ.

ನಾವೆಲ್ಲ ಭೋಸರಿಗೆ ಹೇಗೆ ಬಂದೆವು? 1954ರಲ್ಲಿ ಪಿಂಪರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಶುರುವಾಯಿತು. 1962ರಲ್ಲಿ ಎಂಐಡಿಸಿ ಬಂತು. 1970ರಲ್ಲಿ ಪಿಂಪರಿ, ಚಿಂಚವಡ, ಆಕುರ್ಡಿ, ಭೋಸರಿ ನಾಲ್ಕೂ ಸೇರಿ ಒಂದು ನಗರಸಭೆಯಾಯಿತು, 1982ರಲ್ಲಿ ಮಹಾನಗರಪಾಲಿಕೆಯಾಯಿತು. ಕಾರ್ಖಾನೆಗಳು ಕೈಬೀಸಿ ಕರೆದವು. ಕಲಬುರಗಿ, ವಿಜಯಪುರ, ಬೀದರ, ಬೆಳಗಾವಿ, ಧಾರವಾಡದ ಕಡೆಯಿಂದ ಗಂಡಸರು ಬಂದರು, ಅವರ ಹಿಂದೆ ನಾವು ಬಂದೆವು. ನಮ್ಮನ್ನು ಯಾರೂ "ಈ ಊರು ನಿನಗೆ ಒಗ್ಗುತ್ತದೆಯೇ" ಎಂದು ಕೇಳಿರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2011ರ ಜನಗಣತಿಯ ಪ್ರಕಾರ ದೇಶದೊಳಗೇ ಊರು ಬದಲಿಸಿದವರು ಸುಮಾರು 45 ಕೋಟಿ ಜನ. ಅವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಹೆಣ್ಣುಮಕ್ಕಳು, ಅದಕ್ಕೆ ದೊಡ್ಡ ಕಾರಣ ಮದುವೆ. ಅಂದರೆ ಈ ದೇಶದಲ್ಲಿ ಊರು ಬಿಡುವ ಅನುಭವ ಯಾರಿಗೆ ಹೆಚ್ಚು ಎಂದರೆ ನಮಗೇ. ಆದರೆ ಊರು ಆರಿಸುವ ಅನುಭವ ಮಾತ್ರ ನಮಗೆ ಕಡಿಮೆ. ಮೊದಲ ಸಲ ಹಾಗಾಯಿತು, ಇರಲಿ. ಎರಡನೇ ಸಲವಾದರೂ ನಾವೂ ಕೂತು ಯೋಚಿಸಬೇಕಲ್ಲವೇ?

ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ನಮ್ಮ ಯಜಮಾನರು ನಿವೃತ್ತರಾದಾಗ ಮೂರು ಊರುಗಳು ಮುಂದೆ ಬಂದವು. ಅವರಿಗೆ ಧಾರವಾಡದ ಹಿರಿಯರ ಮನೆ. ಮಗನಿಗೆ ನಾವು ಬೆಂಗಳೂರಿಗೆ ಬಂದು ಅವನ ಹತ್ತಿರ ಇರಬೇಕು. ನನಗೆ? ನನ್ನನ್ನು ಕೇಳಿದಾಗ "ನೀವು ಎಲ್ಲಿ ಅಂತೀರೋ ಅಲ್ಲೇ" ಅಂದುಬಿಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಬಾಳಿದ ಮೇಲೂ ನನಗೊಂದು ಅಭಿಪ್ರಾಯವಿಲ್ಲವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಗ ಮೊಬೈಲಿನಲ್ಲಿ ಪಟ್ಟಿ ತೋರಿಸಿದ. ಕೇಂದ್ರ ಸರ್ಕಾರದ 'ಸುಗಮ ಜೀವನ ಸೂಚ್ಯಂಕ'ದಲ್ಲಿ 2020ರ ಸಾಲಿಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಬೆಂಗಳೂರು ಮೊದಲನೆಯದು, ಪುಣೆ ಎರಡನೆಯದು. "ನೋಡ್ರಿ, ನಂಬರ್ ಒನ್" ಅಂದ. ನಾನೂ ಹುಡುಕಿದೆ. 2018ರಲ್ಲಿ ಇದೇ ಸೂಚ್ಯಂಕದಲ್ಲಿ ಪುಣೆ ಮೊದಲಿತ್ತು, ಬೆಂಗಳೂರು 58ನೆಯ ಸ್ಥಾನದಲ್ಲಿತ್ತು! ಎರಡು ವರ್ಷದಲ್ಲಿ ಬೆಂಗಳೂರಿನ ರಸ್ತೆ, ನೀರು ಅಷ್ಟೊಂದು ಬದಲಾದವೇ? ಇಲ್ಲ, ಅಳೆಯುವ ಕೋಲು ಬದಲಾಗಿತ್ತು. ಅದೇ 2020ರ ಸಾಲಿನಲ್ಲಿ ಪಾಲಿಕೆಗಳ ಕೆಲಸವನ್ನು ಅಳೆದ ಇನ್ನೊಂದು ಪಟ್ಟಿಯಲ್ಲಿ ಇಂದೂರು ಮೊದಲು, ನಮ್ಮ ಪಿಂಪರಿ-ಚಿಂಚವಡ ನಾಲ್ಕನೆಯದು. ಪಟ್ಟಿಗಳು ಸುಳ್ಳಲ್ಲ. ಆದರೆ ಅವು ಒಂದು ನಗರದ ಸರಾಸರಿ ಹೇಳುತ್ತವೆ. ನಾವು ಸರಾಸರಿಯಲ್ಲಿ ಬದುಕುವುದಿಲ್ಲ, ಒಂದು ಓಣಿಯಲ್ಲಿ ಬದುಕುತ್ತೇವೆ. ಆ ಓಣಿಗೆ ನೀರು ಎಷ್ಟು ಗಂಟೆಗೆ ಬರುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಅದಕ್ಕೇ ನಾನು ಹೇಳುವ ಮೊದಲ ಮಾತು ನೀರಿನದು. ನೀರು ಬಂದಾಗ ಮನೆಯಲ್ಲಿ ಇರಬೇಕಾದವರು ಯಾರು? ನಾವು. ಇಲ್ಲಿ 2019ರ ನವೆಂಬರಿನಿಂದ ಪಾಲಿಕೆ ನೀರು ದಿನ ಬಿಟ್ಟು ದಿನ ಬರುತ್ತದೆ, ಅದಕ್ಕೆ ಒಗ್ಗಿಕೊಂಡಿದ್ದೇವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳವರೂ ಟ್ಯಾಂಕರಿಗೆ ಕಾದದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೀರಿ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಇನ್ನು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನವಿಡೀ ನೀರು ಕೊಡುವ ಯೋಜನೆ ಶುರುವಾಗಿದೆ. ಅದೇ ಊರಿನಲ್ಲಿ ನಲ್ಲಿಗೆ ಎಷ್ಟೋ ದಿನ ಕಾಯುವ ಓಣಿಗಳೂ ಇವೆ. ಅಂದರೆ ಒಂದೇ ಊರು, ಎರಡು ಬದುಕು. "ಧಾರವಾಡ ಒಳ್ಳೆಯದೋ, ಭೋಸರಿ ಒಳ್ಳೆಯದೋ" ಎಂದು ಕೇಳಬೇಡಿ. "ಯಾವ ಓಣಿ, ಎಷ್ಟನೇ ಮಹಡಿ, ಯಾವ ತಿಂಗಳು" ಎಂದು ಕೇಳಿ.

ಎರಡನೆಯದು ಮಕ್ಕಳ ಓದು. ಇದು ಇಲ್ಲಿರುವ ಚಿಕ್ಕ ವಯಸ್ಸಿನ ತಂಗಿಯರಿಗೆ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನಿಂದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಯಿತು. ಕರ್ನಾಟಕದಲ್ಲಿ 2015ರ ಕಾನೂನಿನಿಂದ ಕನ್ನಡ ಕಡ್ಡಾಯ. ಇಲ್ಲಿ ಐದನೆಯ ತರಗತಿಯವರೆಗೆ ಮರಾಠಿ ಓದಿದ ಮಗು ಹುಬ್ಬಳ್ಳಿಗೆ ಹೋದರೆ ಕನ್ನಡ ಅಕ್ಷರಮಾಲೆಯಿಂದ ಶುರು ಮಾಡಬೇಕು. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಓದಲು ಬರೆಯಲು ಈಗಲೇ ಕಲಿಸಿ. ನಮ್ಮ ಕನ್ನಡ ಕಲಿ ತರಗತಿಗೆ ಕಳಿಸಿ ಎಂದು ನಾವು ಬೇಡಿಕೊಳ್ಳುವುದು ಬರೀ ಅಭಿಮಾನಕ್ಕಲ್ಲ.

ಹತ್ತನೇ ತರಗತಿಯ ಆಸುಪಾಸಿನಲ್ಲಿ ಊರು ಬದಲಿಸುವವರು ಇನ್ನೂ ಎಚ್ಚರ ವಹಿಸಬೇಕು. ಕರ್ನಾಟಕದ ಸಿಇಟಿಗೆ ಸಾಮಾನ್ಯ ನಿಯಮದಂತೆ ಮಗು ಕರ್ನಾಟಕದಲ್ಲಿ ಒಟ್ಟು 7 ವರ್ಷ ಓದಿರಬೇಕು. ಮಹಾರಾಷ್ಟ್ರದ ಕೋಟಾದಲ್ಲಿ ಮೆಡಿಕಲ್ ಸೀಟಿಗೆ ಸಾಮಾನ್ಯವಾಗಿ 10 ಮತ್ತು 12 ಎರಡೂ ಇಲ್ಲೇ ಆಗಿರಬೇಕು. ಹತ್ತನೆಯದು ಇಲ್ಲಿ, ಹನ್ನೆರಡನೆಯದು ಅಲ್ಲಿ ಮಾಡಿಸಿದರೆ ಮಗು ಎರಡೂ ಕಡೆ ಹೊರಗಿನದಾಗುವ ಅಪಾಯವಿದೆ. ವಿನಾಯಿತಿಗಳು ಇವೆ, ವರ್ಷ ವರ್ಷವೂ ಪುಸ್ತಿಕೆ ಬದಲಾಗುತ್ತದೆ. ಆ ವರ್ಷದ ಪುಸ್ತಿಕೆ ಓದದೆ ಸಾಮಾನು ಕಟ್ಟಬೇಡಿ. ಕಲಬುರಗಿ ವಿಭಾಗದವರಿಗೆ ಇನ್ನೊಂದು ಮಾತು: 371ಜೆ ಮೀಸಲಾತಿ ಆ ಭಾಗದಲ್ಲಿ ಹುಟ್ಟಿದವರಿಗೆ ಇಲ್ಲವೇ ಅಲ್ಲಿಯ ನಿವಾಸಿಗಳಿಗೆ ಸಂಬಂಧಿಸಿದ್ದು. ನಿಮ್ಮ ಮತ್ತು ಮಕ್ಕಳ ಜನನ ದಾಖಲೆ, ಶಾಲೆಯ ದಾಖಲೆ ಜೋಪಾನವಾಗಿಡಿ.

ಮೂರನೆಯದು ಕಾಗದಪತ್ರ. ಸಂವಿಧಾನದ 19ನೇ ವಿಧಿ ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಆದರೆ ಹಕ್ಕುಗಳೆಲ್ಲ ನಮ್ಮ ಸಾಮಾನಿನ ಜೊತೆ ಲಾರಿ ಹತ್ತಿ ಬರುವುದಿಲ್ಲ. ಕೆಲವು ಬರುತ್ತವೆ. ಈಗ ರೇಷನ್ ಧಾನ್ಯವನ್ನು ಊರಿನ ಕಾರ್ಡಿನಿಂದಲೇ ದೇಶದಲ್ಲಿ ಎಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು. ಕೆಲವು ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋದರೆ ಹೊಸ ರಾಜ್ಯದ ಮೀಸಲಾತಿ ತಾನಾಗಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ನಮ್ಮ ಸುತ್ತ ಕಟ್ಟಡ ಕೆಲಸಕ್ಕೆ ಬಂದ ಎಷ್ಟೋ ಕನ್ನಡದ ಮನೆಗಳಲ್ಲಿ ಇದು ಮಗ ಕಾಲೇಜಿಗೆ ಅರ್ಜಿ ಹಾಕುವ ದಿನ ಮೊದಲ ಸಲ ಗೊತ್ತಾಗುತ್ತದೆ. ನಮ್ಮ ಮನೆಗೆಲಸಕ್ಕೆ ಬರುವ ತಂಗಿಗೆ, ವಾಚ್‌ಮನ್ ಹೆಂಡತಿಗೆ ಈ ಮಾತು ತಲುಪಿಸುವುದು ನಮ್ಮ ಕರ್ತವ್ಯ.

ಸರ್ಕಾರದ ಹಣದ ಲೆಕ್ಕ ಹಾಕುವವರೂ ಇದ್ದಾರೆ. "ಅಲ್ಲಿ ಗೃಹಲಕ್ಷ್ಮಿ 2,000, ಬಸ್ಸು ಪುಕ್ಕಟೆ; ಇಲ್ಲಿ ಲಾಡಕೀ ಬಹೀಣ 1,500, ಎಸ್‌ಟಿ ಬಸ್ಸಿಗೆ ಅರ್ಧ ಟಿಕೆಟ್" ಎಂದು ಒಬ್ಬರು ನನಗೆ ಹಾಳೆಯಲ್ಲಿ ಕೂಡಿಸಿ ತೋರಿಸಿದರು! ನಗಬೇಡಿ, ಬಡವರ ಮನೆಯಲ್ಲಿ ಅದು ದೊಡ್ಡ ಹಣವೇ. ಆದರೆ ಯೋಜನೆಗೆ ಆಯಾ ರಾಜ್ಯದ ನಿವಾಸಿ ಎಂಬ ದಾಖಲೆ ಬೇಕು, ಆದಾಯದ ಷರತ್ತೂ ಇರಬಹುದು. ಯೋಜನೆಗಳು ಬರುತ್ತವೆ, ಹೋಗುತ್ತವೆ. ಅದನ್ನೇ ನಂಬಿ ಊರು ಬಿಡಬಾರದು.

ನಾಲ್ಕನೆಯದು ಮನೆ. ಇಲ್ಲಿಯೇ ಸುತ್ತಮುತ್ತ, ಮೋಶಿ, ದಿಘಿ, ಚಾಕಣದ ಕಡೆ ಹೊಸ ಮನೆ ನೋಡುವವರು ರೇಟು ಕಡಿಮೆ ಎಂದು ಮುಂಗಡ ಕೊಡಬೇಡಿ. ದಿಘಿ ಮತ್ತು ದೇಹೂರೋಡ್ ಕಡೆ ಸೈನ್ಯದ ಮದ್ದುಗುಂಡು ಕೋಠಿಗಳ ಸುತ್ತ 'ರೆಡ್ ಝೋನ್' ಇದೆ, ಅಲ್ಲಿ ಕಟ್ಟಡ ಕಟ್ಟಲು ನಿರ್ಬಂಧ. ಪ್ರಾಧಿಕರಣದ ಜಾಗಗಳನ್ನು 99 ವರ್ಷದ ಲೀಜಿಗೆ ಕೊಟ್ಟಿದ್ದರು, ಹೆಸರು ಬದಲಿಸುವ ಈಗಿನ ನಿಯಮ ಏನೆಂದು ವಿಚಾರಿಸಿ. ಮೋಶಿ ಕಡೆ ನೋಡುವವರು ಮಳೆಗಾಲದ ಒಂದು ಸಂಜೆ ಹೋಗಿ ನಿಂತು ನೋಡಿ, ಕಸದ ಡಿಪೋದ ವಾಸನೆ ಯಾವ ದಿಕ್ಕಿಗೆ ಬೀಸುತ್ತದೆ ಎಂದು ಬ್ರೋಷರಿನಲ್ಲಿ ಬರೆದಿರುವುದಿಲ್ಲ. ಇನ್ನೊಂದು, ಮಹಾರಾಷ್ಟ್ರದಲ್ಲಿ 2021ರಿಂದ ಮನೆಯನ್ನು ಹೆಣ್ಣುಮಗಳ ಹೆಸರಿನಲ್ಲಿ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ ಇದೆ. ಊರು ಯಾವುದೇ ಆಗಲಿ, ಹಳೇ ಮನೆ ಮಾರಿ ಹೊಸದು ಕೊಳ್ಳುವಾಗ ಪತ್ರದಲ್ಲಿ ನಿಮ್ಮ ಹೆಸರು ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಊರು ಬದಲಾಗುವಾಗ ಎಷ್ಟೋ ಹೆಂಗಸರ ಹೆಸರು ದಾರಿಯಲ್ಲೇ ಬಿದ್ದುಹೋಗುತ್ತದೆ.

ಐದನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಹೋಗಿ ಇದ್ದು ನೋಡುವುದು. ಹಬ್ಬಕ್ಕೆ ಹೋಗಿ ನಾಲ್ಕು ದಿನ ಹೋಳಿಗೆ ತಿಂದು ಬರುವುದಲ್ಲ, ಒಂದು ತಿಂಗಳು ಸಂಸಾರ ಮಾಡುವುದು. ಅದೂ ಆ ಊರಿನ ಕೆಟ್ಟ ತಿಂಗಳಲ್ಲಿ.

ನಾವು ಹಾಗೆ ಮಾಡಿದೆವು. ಬೆಂಗಳೂರಿನಲ್ಲಿ ಮಗ ಸೊಸೆ ಚೆನ್ನಾಗಿಯೇ ನೋಡಿಕೊಂಡರು. ಆದರೆ ಬೆಳಿಗ್ಗೆ ಎಂಟಕ್ಕೆ ಅವರು ಹೊರಟರೆ ರಾತ್ರಿ ಎಂಟಕ್ಕೆ ಬರುತ್ತಿದ್ದರು. ಹನ್ನೆರಡು ಗಂಟೆ ನಾವಿಬ್ಬರು, ಹನ್ನೊಂದನೇ ಮಹಡಿ, ಒಂದು ಟೀವಿ. ಕನ್ನಡದ ರಾಜಧಾನಿಯಲ್ಲಿ ನಾನು ದಿನವಿಡೀ ಕನ್ನಡ ಮಾತಾಡಿದ್ದು ಯಜಮಾನರ ಜೊತೆ ಮಾತ್ರ.

ಧಾರವಾಡದಲ್ಲಿ ಗಾಳಿ ಚೆಂದ, ಮನೆ ದೊಡ್ಡದು, ಹುಬ್ಬಳ್ಳಿಗೆ ಹೋಗಲು ಚಿಗರಿ ಬಸ್ಸು. ಯಜಮಾನರು ಮೊದಲ ವಾರ ಹುಡುಗನಂತೆ ಓಡಾಡಿದರು. ಎರಡನೇ ವಾರ ಹಳೆಯ ಗೆಳೆಯರನ್ನು ಹುಡುಕಿದರು. ಒಬ್ಬರು ತೀರಿಕೊಂಡಿದ್ದರು, ಇಬ್ಬರು ಮಕ್ಕಳ ಹತ್ತಿರ ಹೋಗಿದ್ದರು. ಮೂರನೇ ವಾರ ಕಟ್ಟೆಯ ಮೇಲೆ ಕೂತು, "ನಾ ನೆನಸತಿದ್ದ ಧಾರವಾಡ 1985ರದು ಇತ್ತು ನೋಡು. ಆ ಊರಿಗೆ ಬಸ್ಸಿಲ್ಲ" ಅಂದರು. ಅವರ ಮುಖ ನೋಡಿ ನನಗೆ ಗೆದ್ದೆ ಅನ್ನಿಸಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು. ಮೂವತ್ತು ವರ್ಷ ಆ ಮನುಷ್ಯ ಎಂಐಡಿಸಿಯ ಗುರುವಾರದ ರಜೆಯಲ್ಲಿ ಕೂತು ಕನಸು ಕಂಡ ಊರು ಅದು.

ಅವತ್ತು ಮೊದಲ ಸಲ ನಾನು ಬಾಯಿಬಿಟ್ಟು ಹೇಳಿದೆ. ಮಧ್ಯರಾತ್ರಿ ನಿಮಗೆ ಎದೆನೋವು ಬಂದರೆ ನಾನು ಯಾರ ಬಾಗಿಲು ಬಡಿಯಲಿ? ಭೋಸರಿಯಲ್ಲಾದರೆ ಎದುರುಮನೆಯ ಮರಾಠಿ ವಹಿನಿ ಇದ್ದಾರೆ, ಕೆಳಗೆ ರಿಕ್ಷಾ ನಿಲ್ಲಿಸುವ ನಮ್ಮ ಅಫಜಲಪುರದ ಹುಡುಗನಿದ್ದಾನೆ, ಸಂತ ತುಕಾರಾಮ ನಗರದಲ್ಲಿ ಪಾಲಿಕೆಯ ವೈಸಿಎಂ ಆಸ್ಪತ್ರೆ ಇದೆ, ನೀವೆಲ್ಲ ಇದ್ದೀರಿ. ಇಷ್ಟು ಜನರನ್ನು ಗಳಿಸಲು ನನಗೆ ಮೂವತ್ತು ವರ್ಷ ಬೇಕಾಯಿತು. ಇನ್ನೊಂದು ಮೂವತ್ತು ನನ್ನ ಹತ್ತಿರ ಇಲ್ಲ.

ಕೊನೆಗೆ ನಾವು ಊರು ಬದಲಿಸಲಿಲ್ಲ, ಮನೆ ಬದಲಿಸಿದೆವು. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಅದೇ ಇಂದ್ರಾಯಣಿ ನಗರದಲ್ಲಿ, ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ, ಮೊದಲ ಮಹಡಿಗೆ. ನಾವು ಅಷ್ಟೊಂದು ಹುಡುಕಿದ ಒಳ್ಳೆಯ ಜಾಗ ಅಲ್ಲೇ ಇತ್ತು. ಧಾರವಾಡದ ಮನೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟು ಒಂದು ಕೋಣೆ ಇಟ್ಟುಕೊಂಡೆವು. ಈಗ ಹುಬ್ಬಳ್ಳಿ-ಪುಣೆ ವಂದೇ ಭಾರತ್ ರೈಲು ಬಂದ ಮೇಲೆ ಯಜಮಾನರು ಮಳೆಗಾಲ ಮುಗಿದ ಕೂಡಲೇ ಹೋಗಿ ಹದಿನೈದು ದಿನ ಇದ್ದು ಬರುತ್ತಾರೆ.

ನಮ್ಮದೇ ಸರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಹಳೆಯ ನೆರೆಯವರೊಬ್ಬರು ಹುಬ್ಬಳ್ಳಿಗೆ ಹೋಗಿ ಬಹಳ ಸುಖವಾಗಿದ್ದಾರೆ, ಏಕೆಂದರೆ ಅವರ ಇಬ್ಬರು ತಂಗಿಯರು ಅದೇ ಓಣಿಯಲ್ಲಿದ್ದಾರೆ. ಮಗಳ ಬಾಣಂತನ, ಮೊಮ್ಮಗುವಿನ ಆರೈಕೆ ಎಂದು ಬೆಂಗಳೂರಿಗೆ ಹೋಗಿ ಅಲ್ಲೇ ಒಗ್ಗಿಕೊಂಡವರೂ ಇದ್ದಾರೆ. ಯಾರಿಗೆ ಯಾವ ಊರು ಎಂದು ನಾನು ಹೇಳಲಾರೆ. ಆದರೆ ಆ ಊರಿನಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆ ಕಳೆಯುವವಳು ಆ ಮಾತುಕತೆಯಲ್ಲಿ ಕೂತಿರಬೇಕು, ಇಷ್ಟು ಮಾತ್ರ ಹೇಳಬಲ್ಲೆ.

ಆ ಭಿಶಿಯ ಗೆಳತಿ ಇವತ್ತು ಇಲ್ಲೇ ಕೂತಿದ್ದಾಳೆ. ಮನೆಯವರ ಜೊತೆ ಮಾತಾಡಿದಳಂತೆ. ಮೇ ತಿಂಗಳು ಇಬ್ಬರೂ ಊರಿಗೆ ಹೋಗಿ ಇದ್ದು ನೋಡಿ, ಆಮೇಲೆ ನಿರ್ಧಾರ ಮಾಡುತ್ತಾರಂತೆ. ಅವಳು ಹೋದರೆ ಹರಸಿ ಕಳಿಸೋಣ, ಉಳಿದರೆ ಮುಂದಿನ ಭಿಶಿ ಅವಳ ಮನೆಯಲ್ಲೇ ಇಡೋಣ.