ಯಾರದ್ದೂ ಅಲ್ಲದ ಗಂಟೆ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದರ ಈಗ ಇ-ಟೆಂಡರಿನಲ್ಲಿ ನಿಗದಿಯಾಗುತ್ತದೆ. ಖರೀದಿದಾರರು ಮಾಲು ನೋಡಿ, ಲಾಟ್ ಸಂಖ್ಯೆಯೆದುರು ದರ ನಮೂದಿಸುತ್ತಾರೆ. ಹೆಚ್ಚು ಕೊಟ್ಟವರಿಗೆ ಮಾಲು. ರಾಣೆಬೆನ್ನೂರಿನ ಬೀಜದ ವ್ಯಾಪಾರವಿರಲಿ, ಹಾವೇರಿಯ ಬ್ಯಾಂಕಿರಲಿ, ಕಂಪ್ಯೂಟರ್ ಮಂದವಾದರೆ ಕೆಲಸ ನಿಂತಂತೆಯೇ. ಹಾಗಾದಾಗ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಪತ್ತೆಹಚ್ಚುವುದು ಹೇಗೆ?

ಅದಕ್ಕೆಂದೇ ಪ್ರೊಸೆಸರಿನೊಳಗೆ ಕೌಂಟರುಗಳಿವೆ. ಎಷ್ಟು ಆದೇಶ ನಡೆದವು, ಬೇಕಾದ ಮಾಹಿತಿ ಪ್ರೊಸೆಸರಿನ ಪಕ್ಕದ ವೇಗದ ಸ್ಮೃತಿಯಾದ ಕ್ಯಾಶ್‌ನಲ್ಲಿ ಎಷ್ಟು ಸಲ ಸಿಗಲಿಲ್ಲ ಎಂದು ಅವು ಲೆಕ್ಕವಿಡುತ್ತವೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಈ ಲೆಕ್ಕ ಓದುವ 'ಪರ್ಫ್' ವ್ಯವಸ್ಥೆ 2009ರಲ್ಲಿ ಸೇರಿತು.

ಎಎಂಡಿ ಪ್ರೊಸೆಸರುಗಳಲ್ಲಿ ಕೌಂಟರಿನ ಅಗಲ 48 ಬಿಟ್. ಹತ್ತು ಲಕ್ಷ ಘಟನೆಗೊಮ್ಮೆ ಸೂಚನೆ ಬೇಕಿದ್ದರೆ, ತುಂಬಲು ಹತ್ತು ಲಕ್ಷವಷ್ಟೇ ಬಾಕಿಯಿರುವ ಸಂಖ್ಯೆಯಿಂದ ಕರ್ನಲ್ ಎಣಿಕೆ ಶುರುಮಾಡುತ್ತದೆ. ಆಗ ತುತ್ತತುದಿಯ ಬಿಟ್ 1. ತುಂಬಿ ಸೊನ್ನೆಗೆ ಉರುಳಿದೊಡನೆ ಅದು 0 ಆಗುತ್ತದೆ. ತಡೆಯಲಾಗದ ಎಚ್ಚರಿಕೆಯೊಂದು, ಎನ್‌ಎಂಐ, ಹೊರಡುತ್ತದೆ. ಆ ಕ್ಷಣ ಯಾವ ಪ್ರೋಗ್ರಾಂ ಓಡುತ್ತಿತ್ತೋ ಅದನ್ನು ಕರ್ನಲ್ ಬರೆದುಕೊಳ್ಳುತ್ತದೆ.

ಎಎಂಡಿಯ ಹೊಸ ಪ್ರೊಸೆಸರುಗಳಲ್ಲಿ ಈ ಎಚ್ಚರಿಕೆ ತಡವಾಗಿ ಬರತೊಡಗಿತು. ಚೀಲ ಎಣಿಸುವ ಇಬ್ಬರು ಗುಮಾಸ್ತರು ಒಟ್ಟಿಗೇ ಗಂಟೆ ಬಾರಿಸಿದರು ಎನ್ನಿ. ಮೊದಲ ಗಂಟೆಗೇ ಬಂದ ಸಾಹುಕಾರ ಇಬ್ಬರ ಲೆಕ್ಕವನ್ನೂ ಮುಗಿಸಿ ಹೋದ. ಆಮೇಲೆ ಎರಡನೆಯ ಗಂಟೆ ಕೇಳಿಸಿತು. ಬಂದು ನೋಡಿದರೆ ಯಾರ ಲೆಕ್ಕವೂ ಬಾಕಿಯಿಲ್ಲ!

ಕರ್ನಲ್‌ಗೂ ಇದೇ ಗೊಂದಲ. 'ಕಾರಣ ತಿಳಿಯದ ಎನ್‌ಎಂಐ ಬಂದಿದೆ' ಎಂದು ದಾಖಲೆಯಲ್ಲಿ ಬರೆದು, ತಬ್ಬಿಬ್ಬಾದರೂ ಮುಂದುವರಿಯಲು ನೋಡುತ್ತಿದ್ದೇನೆ ಎಂದು ಸೇರಿಸುತ್ತಿತ್ತು. ಕೆಲವು ಹೊಂದಾಣಿಕೆಗಳಲ್ಲಿ ಇಡೀ ಯಂತ್ರವೇ ನಿಲ್ಲುತ್ತಿತ್ತು.

ದುರಸ್ತಿ ಬಂದದ್ದು 2019ರಲ್ಲಿ. ಕೌಂಟರ್ ನಿಲ್ಲಿಸುವಾಗ ಅದು ಆಗಲೇ ಉರುಳಿದ್ದರೆ, ಒಂದೊಂದು ಮೈಕ್ರೋಸೆಕೆಂಡಿನಂತೆ ಹೆಚ್ಚೆಂದರೆ 50 ಸಲ ಕಾಯುವುದು ಒಂದು ಕ್ರಮ. ಕೌಂಟರು ಓಡುತ್ತಿದ್ದರೆ, ಮುಂದೆ ಬರಬಹುದಾದ ವಾರಸುದಾರರಿಲ್ಲದ ಎಚ್ಚರಿಕೆಗಳಲ್ಲಿ ಕೆಲವನ್ನು ಪರ್ಫ್ ತನ್ನದೇ ಎಂದು ಒಪ್ಪಿಕೊಳ್ಳುವುದು ಇನ್ನೊಂದು.

ಈ ಎರಡನೆಯದು ಹೊಸ ತಕರಾರು ತಂದಿತು. ಯಂತ್ರ ಸ್ತಬ್ಧವಾದಾಗ ಅದನ್ನು ಮರುಚಾಲನೆ ಮಾಡಿಸುವ ಕಾವಲು ಗಡಿಯಾರವೂ ಕೆಲವು ಸರ್ವರುಗಳಲ್ಲಿ ಎನ್‌ಎಂಐಯನ್ನೇ ಕಳಿಸುತ್ತದೆ. ಬೇರಾರೂ ಒಪ್ಪಿಕೊಳ್ಳದಿದ್ದಾಗ ಮಾತ್ರ ಅದರ ಸರದಿ. ಪರ್ಫ್ ಅದನ್ನೂ ತನ್ನದೆಂದು ನುಂಗತೊಡಗಿತು. ಗಡಿಯಾರದ ನಿಜವಾದ ಮೊರೆ ತಲುಪಬೇಕಾದಲ್ಲಿಗೆ ತಲುಪಲಿಲ್ಲ.

ಹಾಗಾಗಿ ಅದೇ ವರ್ಷ, ಒಪ್ಪಿಕೊಳ್ಳುವ ಎಚ್ಚರಿಕೆಗಳ ಎಣಿಕೆಯ ಬದಲು ಸಮಯದ ಗಡಿ ಹಾಕಲಾಯಿತು. ಪರ್ಫ್ ತನ್ನ ಒಂದು ಎಚ್ಚರಿಕೆಯನ್ನು ಬಗೆಹರಿಸಿದ 100 ಮಿಲಿಸೆಕೆಂಡಿನೊಳಗೆ ಬಂದ ಅನಾಥ ಎನ್‌ಎಂಐ ಮಾತ್ರ ಅದರ ಪಾಲು. ಆ ಅವಧಿ ದಾಟಿ ಬಂದದ್ದು ಮೊದಲಿನಂತೆ ಉಳಿದವರ ಬಳಿ ಹೋಗುತ್ತದೆ, ಕಾವಲು ಗಡಿಯಾರವೂ ಅವರಲ್ಲಿ ಒಂದು.