ಚಂದ್ರದ್ರೋಣದ ಮಡಿಕೆಗಳು



ಬಾಬಾಬುಡನ್‌ಗಿರಿಯ ಸಾಲಿಗೆ ಚಂದ್ರದ್ರೋಣ ಎಂಬ ಹೆಸರೂ ಇದೆ. ದ್ರೋಣ ಎಂದರೆ ತೊಟ್ಟಿ, ಪಾತ್ರೆ. ನಾವು ಪಾಯಸ ಕುಡಿಯುವ ದೊನ್ನೆ ಅದೇ ಮಾತಿನ ತದ್ಭವ. ನಕ್ಷೆಯಲ್ಲಿ ಈ ಬೆಟ್ಟಸಾಲು ವಾಯವ್ಯಕ್ಕೆ ಬಾಯ್ತೆರೆದ ಕುದುರೆ ಲಾಳದ ಹಾಗೆ ಕಾಣುತ್ತದೆ. ನಡುವೆ ಜಾಗರ ಕಣಿವೆ. ಹೆಸರಿಟ್ಟವರು ಬೆಟ್ಟದ ಹೊರ ಆಕಾರ ಕಂಡು ಇಟ್ಟಿರಬೇಕು. ಆದರೆ ಒಳಗಿನ ಕಲ್ಲಿಗೂ ಅದು ಒಪ್ಪುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಚಿಕ್ಕಮಗಳೂರಿನಿಂದ ಹೊರಟು ನೋಡಿ. ಊರ ಸುತ್ತ ಇರುವುದು ಗ್ನೈಸ್ ಎಂಬ ಹಳೆಯ ಪಟ್ಟೆಶಿಲೆ. ಬೆಟ್ಟದ ಬುಡದಲ್ಲಿ, ಕರ್ತಿಕೆರೆಯ ಕಡೆ, ಬೆಣಚಿನ ಹರಳುಗಳು ಅಂಟಿಕೊಂಡ ಉಂಡೆಗಲ್ಲಿನ ಪದರ. ಅದರ ಮೇಲೆ ಹಸಿರು ಛಾಯೆಯ ಲಾವಾಶಿಲೆ, ಅದರ ನಡುನಡುವೆ ಬಿಳಿಯ ಬೆಣಚುಶಿಲೆ. ಲಾವಾ ಆರುವಾಗ ಉಳಿದ ಗಾಳಿಗುಳ್ಳೆಗಳ ಗೂಡು ಇನ್ನೂ ಉಳಿದಿದೆ, ಬಾದಾಮಿಯಷ್ಟು ದೊಡ್ಡದು. ಶಾಖ, ಒತ್ತಡಗಳು ಕಲ್ಲಿಗೆ ತರುವ ರೂಪಾಂತರ ಇಲ್ಲಿ ಮೆದುವಾಗಿ ಆಗಿದ್ದರಿಂದ ಹಳೆಯ ಗುರುತುಗಳು ಅಳಿದಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗೆ ಬಂದರೆ ಕೆಂಪು-ಕಪ್ಪು ಪಟ್ಟೆಯ ಕಬ್ಬಿಣಶಿಲೆ. ಕಣಿವೆ ದಾಟಿ ಉತ್ತರದ ಕೆಮ್ಮಣ್ಣುಗುಂಡಿಗೆ ಹೋದರೂ ಅದೇ ಶಿಲೆ. ಭದ್ರಾವತಿಯ ಕುಲುಮೆಗೆ ಅದಿರು ಹೋದದ್ದು ಅಲ್ಲಿಂದ. ಹಳೆಯದು ಹೊರಗೆ, ಹೊಸದು ಒಳಗೆ: ದೊನ್ನೆಯ ಹಾಗೆ ಬಾಗಿದ ಪದರಗಳು. ಇಂಥ ಮಡಿಕೆಯನ್ನು ಸಿಂಕ್ಲೈನ್ ಎನ್ನುತ್ತೇವೆ.

ಆದರೆ ‘ಹಳೆಯದು’, ‘ಹೊಸದು’ ಎಂದು ಹೇಳುವ ಹಕ್ಕು ನಮಗೆ ಸುಲಭವಾಗಿ ಬಂದದ್ದಲ್ಲ. 1916ರಲ್ಲಿ ಮೈಸೂರಿನ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್, ಈ ಬೆಟ್ಟದ ಕಲ್ಲುಗಳೂ ಸೇರುವ ಧಾರವಾಡ ಶಿಲೆಗಳೆಲ್ಲ ಅಗ್ನಿಜನ್ಯ, ಅಂದರೆ ಕರಗಿದ ಕಲ್ಲು ಆರಿ ಆದವು, ಎಂಬ ನಿಲುವಿನಲ್ಲಿದ್ದರು. ಆ ಮಾತು ನಿಂತಿದ್ದರೆ ಕೆಳಗು-ಮೇಲು ಎಂಬ ಪ್ರಶ್ನೆಗೇ ಬೆಲೆ ಇರುತ್ತಿರಲಿಲ್ಲ. ಆದರೆ ಬೆಣಚುಶಿಲೆಯಲ್ಲಿ ನೀರಿನ ಅಲೆಗಳು ಬಿಟ್ಟುಹೋದ ಏರಿಳಿತಗಳು, ಹರಿವು ಹಾಸಿದ ಓರೆಗೆರೆಗಳು ಕಂಡವು. ಮುಂದೆ ಭೂವಿಜ್ಞಾನಿಗಳಾದ ರಾಮರಾವ್, ಪಿಚ್ಚಮುತ್ತು ಅವರ ಕಾಲಕ್ಕೆ ಈ ಪದರಗಳು ನೀರಿನಡಿ ಕೂತ ಮರಳು ಎಂಬುದು ಗಟ್ಟಿಯಾಯಿತು. ಓರೆಗೆರೆ ತಳದಲ್ಲಿ ನವಿರಾಗಿ ಬಾಗಿ ಪದರಕ್ಕೆ ತಾಗುತ್ತದೆ, ಮೇಲ್ತುದಿಯಲ್ಲಿ ಮಾತ್ರ ಕತ್ತರಿಸಿದಂತೆ ನಿಂತುಬಿಡುತ್ತದೆ. ಕಲ್ಲು ತಲೆಕೆಳಗಾಗಿದ್ದರೂ ಈ ಗುರುತು ಸುಳ್ಳು ಹೇಳದು.

ಇದರ ಬೆಲೆ ತಿಳಿಯಬೇಕಾದರೆ ಸ್ಕಾಟ್ಲೆಂಡಿನ ಶಿಲೆಗಳನ್ನು ಅಭ್ಯಸಿಸಿದ ಭೂವಿಜ್ಞಾನಿ ಎಡ್ವರ್ಡ್ ಬೈಲಿಯನ್ನು ನೆನೆಯಬೇಕು. ಹೈಲ್ಯಾಂಡಿನ ಶಿಸ್ಟ್ ಎಂಬ ಹಾಳೆಶಿಲೆಗಳಲ್ಲಿ ಮಲಗಿದ ಮಹಾಮಡಿಕೆಗಳಿವೆ ಎಂದು ಅವರು 1910ರಲ್ಲಿ ತೋರಿಸಿದರು. ಇಪ್ಪತ್ತು ವರ್ಷದ ಬಳಿಕ ನಾರ್ವೆಯ ಫೋಗ್ಟ್, ಕೆನಡಾದ ಟ್ಯಾಂಟನ್ ಅದೇ ಶಿಲೆಗಳಲ್ಲಿ ಓರೆಗೆರೆಗಳನ್ನು ಬೆರಳಿಟ್ಟು ತೋರಿಸಿದಾಗ, ತಮ್ಮ ಅನುಕ್ರಮದ ಒಂದು ಪಾಲು ಬುಡಮೇಲಾಗಿದೆ ಎಂದು ಬೈಲಿ ಒಪ್ಪಿದರು. 1930ರಲ್ಲಿ ತಾವೇ ಅದನ್ನು ಅಚ್ಚು ಹಾಕಿಸಿದರು. ಮಡಿಕೆ ಇತ್ತು, ನಿಜ. ಅದು ಯಾವ ಕಡೆ ಮುಖ ಮಾಡಿದೆ ಎಂಬುದು ಮಾತ್ರ ಬೇರೆ ಆಯಿತು. ನಾನು ಅವರನ್ನು ಗೌರವಿಸುವುದು ಮೊದಲ ಲೇಖನಕ್ಕಿಂತ ಈ ಎರಡನೆಯದಕ್ಕೆ.

ನನ್ನ ವಿದ್ಯಾರ್ಥಿ ದಿನಗಳ ಒಂದು ತಪ್ಪನ್ನೂ ಹೇಳಬೇಕು. ಒಂದು ಇಳಿಜಾರಿನಲ್ಲಿ ಮೂರು ಕಬ್ಬಿಣಪಟ್ಟಿಗಳನ್ನು ಎಣಿಸಿ, ಮೂರಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಟಿಪ್ಪಣಿ ಪುಸ್ತಕ ತುಂಬಿಸಿದ್ದೆ. ಮೇಷ್ಟ್ರು ಬಂದು ನಿಂತರು.

“ಮೂರು ಅಂತೀಯಲ್ಲಪ್ಪ, ಪುಟ್ಟ ಮಡಿಕೆಗಳು ಯಾವ ಕಡೆ ತಿರುಗಿವೆ ನೋಡಿದೆಯಾ?”

“ಇಲ್ಲ ಸಾರ್.”

“ಹೋಗು, ಮೊದಲು ಅದನ್ನ ನೋಡ್ಕೊಂಡು ಬಾ.”

ಹೋಗಿ ನೋಡಿದೆ. ಮೊದಲ ಪಟ್ಟಿಯಲ್ಲಿ ಬೆರಳುದ್ದದ ಮಡಿಕೆಗಳು ಝಡ್ ಅಕ್ಷರದ ಹಾಗೆ, ಎರಡನೆಯದರಲ್ಲಿ ಎಸ್ ಹಾಗೆ, ಮೂರನೆಯದರಲ್ಲಿ ಮತ್ತೆ ಝಡ್. ಒಂದೇ ಪಟ್ಟಿ ಎರಡು ಸಲ ಮಡಿದು ಮೂರು ಸಲ ತಲೆ ಹಾಕಿತ್ತು. ನಾನು ಲೆಕ್ಕ ಹಾಕಿದ್ದ ಶಿಲೆಯ ದಪ್ಪವೂ ಮೂರು ಪಟ್ಟು ತಪ್ಪಾಗಿತ್ತು. ಪುಟ್ಟ ಮಡಿಕೆ ದೊಡ್ಡದರ ಚಹರೆಯನ್ನೇ ಹೊತ್ತಿರುತ್ತದೆ ಎಂಬುದನ್ನು ಅಮೆರಿಕದ ಗ್ರೀನ್ ಮೌಂಟನ್ಸ್ ಶಿಲೆಗಳನ್ನು ನೋಡಿ ಪಂಪೆಲಿ ಮತ್ತು ಸಂಗಡಿಗರು 1894ರಲ್ಲೇ ಬರೆದಿದ್ದರು. ನನಗೆ ಅದು ಅರ್ಥವಾದದ್ದು ಆ ಮಧ್ಯಾಹ್ನ, ಮಂಡಿಯೂರಿ ಕೂತಾಗ.

ಈಗ ಕಷ್ಟದ ಪ್ರಶ್ನೆ. ಲಾಳದ ಆಕಾರ ಎರಡು ದಾರಿಯಲ್ಲಿ ಬರಬಹುದು. ಒಂದೇ ದೊನ್ನೆಮಡಿಕೆ ಒಂದು ಕಡೆಗೆ ವಾಲಿದ್ದರೆ, ಸವೆದ ನೆಲದ ಮೇಲೆ ಅದರ ಅಂಚು ಲಾಳವಾಗಿ ಕಾಣುತ್ತದೆ. ಇಲ್ಲವೇ ಮೊದಲು ಮಡಿದದ್ದನ್ನು ಆಮೇಲಿನ ಒತ್ತಡ ಅಡ್ಡಲಾಗಿ ಮತ್ತೆ ಬಾಗಿಸಿದ್ದರೂ ಲಾಳವೇ. ನಕ್ಷೆ ನೋಡಿ ತೀರ್ಪು ಕೊಡುವವರನ್ನು ನಾನು ಒಪ್ಪುವುದಿಲ್ಲ. ಕೇಳಬೇಕಾದದ್ದು ಸೀಳನ್ನು: ಒತ್ತಡಕ್ಕೆ ಸಿಕ್ಕ ಶಿಲೆಯಲ್ಲಿ ಚಪ್ಪಟೆ ಖನಿಜಗಳು ಒಂದೇ ದಿಕ್ಕಿಗೆ ಸಾಲುಗಟ್ಟಿ, ಕಲ್ಲು ಹಾಳೆಹಾಳೆಯಾಗಿ ಒಡೆಯುವ ಆ ಗುಣವನ್ನು. ಲಾಳದ ಮೂಗಿನಲ್ಲಿ, ಅಂದರೆ ಅದು ಬಾಗುವ ತಿರುವಿನಲ್ಲಿ, ಸೀಳು ಪದರಗಳನ್ನು ನೇರವಾಗಿ ಕತ್ತರಿಸಿ ಹೋಗಿದ್ದರೆ, ಅದು ಆ ಮಡಿಕೆಯ ಜೊತೆಗೇ ಹುಟ್ಟಿದ್ದು. ಪದರದ ಜೊತೆ ತಾನೂ ಬಾಗಿದ್ದರೆ, ಅದು ಮೊದಲಿತ್ತು; ಲಾಳ ಆಮೇಲಿನದು. ಸೀರೆಯ ನೆರಿಗೆ ಹಿಡಿದ ಮೇಲೆ ಸೀರೆಯನ್ನು ಮಡಚಿಟ್ಟರೆ ನೆರಿಗೆಯ ಗೆರೆಯೂ ಬಾಗುತ್ತದಲ್ಲ, ಹಾಗೆ.

ಮಡಿದದ್ದು ಮತ್ತೆ ಬಾಗಿದ್ದು ಕೈಯಲ್ಲಿ ಹಿಡಿಯುವಷ್ಟು ಕಬ್ಬಿಣಶಿಲೆಯಲ್ಲೂ ಕಾಣಸಿಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಬಿಳಿಯ ಪಟ್ಟಿಯೊಂದು ತನ್ನ ಮೇಲೆ ತಾನೇ ಬಿಗಿಯಾಗಿ ಮಡಿದಿದೆ, ಎರಡು ತೋಳುಗಳ ನಡುವೆ ಕಾಗದದಷ್ಟೂ ಸಂದಿಲ್ಲ. ಆ ಜೋಡಿಪಟ್ಟಿ ಮತ್ತೆ ಕೊಕ್ಕೆಯಾಗಿ ಬಾಗಿದೆ. ಬಿಗಿಯಾದದ್ದು ಮೊದಲು, ಕೊಕ್ಕೆ ಆಮೇಲೆ. ಭೂವಿಜ್ಞಾನಿ ಕ್ಷಿತೀಂದ್ರಮೋಹನ ನಾಹಾ ಮತ್ತು ಸಂಗಡಿಗರು ಧಾರವಾಡ ಪ್ರಾಂತದಲ್ಲಿ ಹೀಗೆ ಒಂದರ ಮೇಲೊಂದು ಬಂದ ಮಡಿಕೆಗಳ ತಲೆಮಾರುಗಳನ್ನು ಬಿಡಿಸಿಟ್ಟು, ಶಿಸ್ಟೂ ಗ್ನೈಸೂ ಆ ಇತಿಹಾಸವನ್ನು ಒಟ್ಟಿಗೇ ಹಂಚಿಕೊಂಡಿವೆ ಎಂದು ವಾದಿಸಿದರು.

ಮಡಿಕೆಗಳು ಕ್ರಮವನ್ನು ಹೇಳುತ್ತವೆ, ವರ್ಷವನ್ನು ಹೇಳುವುದಿಲ್ಲ. ವರ್ಷಕ್ಕೆ ಜಿರ್ಕಾನ್ ಎಂಬ ಖನಿಜದ ಹರಳು ಬೇಕು. 1997ರಲ್ಲಿ ಭೂವಿಜ್ಞಾನಿ ಟ್ರೆಂಡಾಲ್ ಮತ್ತು ಜೊತೆಗಾರರು ಮುಳ್ಳಯ್ಯನಗಿರಿಯ ಕಬ್ಬಿಣಶಿಲೆಯ ತಳಕ್ಕೆ ಕೊಟ್ಟ ವಯಸ್ಸು 272 ಕೋಟಿ ವರ್ಷ, 70 ಲಕ್ಷದಷ್ಟು ಹೆಚ್ಚುಕಡಿಮೆ. ಈ ಶಿಲೆಯನ್ನು ಮಡಿಸಿದ ಕೈ ಅದಕ್ಕಿಂತ ಈಚಿನದು. ಕಾಲದ ಇನ್ನೊಂದು ತುದಿಯಲ್ಲಿ ಧಾರವಾಡ ಪ್ರಾಂತವನ್ನು ಸೀಳಿ ಹೋದ ಡಾಲರೈಟ್ ಡೈಕುಗಳಿವೆ, ಬಿರುಕುಗಳಲ್ಲಿ ನುಗ್ಗಿ ಗಟ್ಟಿಯಾದ ಕಪ್ಪು ಕಲ್ಲಿನ ಗೋಡೆಗಳು. ಬೆಂಗಳೂರಿನ ಸುತ್ತಿನ ದೊಡ್ಡ ಡೈಕುಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಹಳೆಯ ಶಿಲೆಯ ಸುರುಳಿಸುತ್ತುಗಳ ನಡುವೆ ಆ ಕಪ್ಪು ಕಲ್ಲು ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತದೆ. ಅದರಲ್ಲಿ ಒಂದು ಮಡಿಕೆಯೂ ಇಲ್ಲ.