ಪಶುವೈದ್ಯ ಸಹಾಯಕರ ಕೆಲಸವೂ ತರಬೇತೂ



ಹೇಮಗಿರಿಯ ಜಾತ್ರೆಯಲ್ಲಾಗಲಿ ಬೇಬಿಬೆಟ್ಟದ ಜಾತ್ರೆಯಲ್ಲಾಗಲಿ ಹಳ್ಳಿಕಾರ್ ಎತ್ತುಗಳನ್ನು ಕೊಳ್ಳುವ ರೈತನು ಹಲ್ಲು, ಸುಳಿ, ನಡೆಗಳನ್ನೆಲ್ಲಾ ನೋಡಿಯೇ ವ್ಯಾಪಾರಕ್ಕಿಳಿಯುವನು. ಅದೇ ರೈತನು ತನ್ನ ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬಂದವನು ಎಲ್ಲಿ ಕಲಿತನೆಂದು ಒಂದು ಮಾತನ್ನೂ ಕೇಳನು.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಭರತಖಂಡದಲ್ಲಿ ಅದು ಮೊದಲು ನಡೆದುದೇ ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ. 1939ರಲ್ಲಿ ಸಂಪತ್ ಕುಮಾರನ್ ಎಂಬವರು ಹಳ್ಳಿಕಾರ್ ಹಸುಗಳಲ್ಲಿ ಅದನ್ನು ನೆರವೇರಿಸಿದರು. ಈಗ ವೀರ್ಯದ ಕಡ್ಡಿಗಳು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯವುಳ್ಳ ದ್ರವ ಸಾರಜನಕದಲ್ಲಿ ಊರೂರಿಗೆ ಬರುತ್ತವೆ. ಪಾತ್ರೆಯಲ್ಲಿ ಸಾರಜನಕವು ಇಂಗಿದರೆ ಕಡ್ಡಿಯು ನಿರುಪಯುಕ್ತವಾಗುವುದು. ಹೊರಗಿನಿಂದ ಏನೂ ತಿಳಿಯದು. ಹೊರತೆಗೆದ ಕಡ್ಡಿಯನ್ನು 37 ಡಿಗ್ರಿ ಬಿಸಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕೂಡಲೇ ಉಪಯೋಗಿಸತಕ್ಕದ್ದು. ಬಿಸಿನೀರನ್ನೇ ಕೇಳದೆ ಅಂಗೈಯಲ್ಲಿ ಉಜ್ಜಿ ಕರಗಿಸುವವನನ್ನು ಹಿಂದಕ್ಕೆ ಕಳುಹಿಸಿದರೆ ನಷ್ಟವೇನಿಲ್ಲ.

ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಸಂಜೆಯೂ, ಸಂಜೆ ಕಂಡುದಕ್ಕೆ ಮರುದಿನ ಬೆಳಿಗ್ಗೆಯೂ ಮಾಡಿಸುವುದು ಕ್ರಮ. ಹೊತ್ತು ಮೀರಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಗಬ್ಬವಿಲ್ಲದ ಹಸುವಿಗೆ ಅಷ್ಟು ದಿನದ ಮೇವು ದಂಡ. ಇದರಲ್ಲಿ ಸಹಾಯಕನಿಗಿಂತ ಬೇಗನೆ ಹೇಳಿಕಳುಹಿಸದ ಮನೆಯವರ ತಪ್ಪೇ ಹೆಚ್ಚು. ಚಿಕ್ಕ ಮೈಯ ಹಳ್ಳಿಕಾರ್ ಕಡಸಿಗೆ ಹಾಲಿನಾಸೆಯಿಂದ ದೊಡ್ಡ ಸೀಮೆಹೋರಿಯ ಕಡ್ಡಿ ಹಾಕಿಸುವುದೂ ಅವಿವೇಕವೇ. ಈಯುವಾಗ ಕಡಸಿನ ಪ್ರಾಣಕ್ಕೇ ಬರಬಹುದು. ನಾಗಮಂಗಲದ ಒಣಭೂಮಿಯ ರೈತರು ಹಳ್ಳಿಕಾರ್ ಕಡ್ಡಿಯನ್ನೇ ಕೇಳಿ ಪಡೆಯುವುದು ಲೇಸು.

ತರಬೇತು ಒಂದೇ ಬಗೆಯದಲ್ಲ. ತಿಪಟೂರಿನ ಬಳಿಯ ಕೋನೇಹಳ್ಳಿಯಂತಹ ಪಶುಸಂಗೋಪನಾ ಪಾಲಿಟೆಕ್ನಿಕ್‌ಗಳಲ್ಲಿ ಹತ್ತನೆಯ ತರಗತಿಯ ಮೇಲೆ 2 ವರ್ಷಗಳ ಡಿಪ್ಲೊಮಾ ಉಂಟು. ಕೇಂದ್ರ ಸರಕಾರದ ‘ಮೈತ್ರಿ’ ಯೋಜನೆಯಲ್ಲಿ ಒಂದು ತಿಂಗಳು ಪಾಠ, ಎರಡು ತಿಂಗಳು ಕೈಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ಹಾಲಿನ ಊರುಗಳಿಂದ ಓದಿದ ಹುಡುಗರನ್ನೂ ಹೆಣ್ಣುಮಕ್ಕಳನ್ನೂ ಆರಿಸಿ ಕಳುಹಿಸುವ ಭಾರವು ಮುಖಂಡರದು.

ಲಸಿಕೆಯ ಕೆಲಸವೂ ಸಣ್ಣದಲ್ಲ. ಹಟ್ಟಿಹಟ್ಟಿಗೆ ಹೋಗಿ ಸೂಜಿಹಾಕಿದವರ ಶ್ರಮದಿಂದಲೇ ದೊಡ್ಡರೋಗವು ಜಗತ್ತಿನಿಂದ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಕಾಲುಬಾಯಿ ಜ್ವರವು ಇನ್ನೂ ತೊಲಗಿಲ್ಲ. ವರ್ಷಕ್ಕೆರಡು ಸಲ ಲಸಿಕೆಗೆ ಬಂದಾಗ ಹಾಲು ಇಳಿಯುವುದೆಂದು ದನಗಳನ್ನು ಮರೆಮಾಡುವವರು ನೆರೆಯವರ ಕೊಟ್ಟಿಗೆಗೂ ಕೇಡು ತರುತ್ತಾರೆ.

ಸಹಾಯಕನ ಅಧಿಕಾರಕ್ಕೆ ಎಲ್ಲೆ ಉಂಟು. 1984ರ ಕಾನೂನಿನ ಪ್ರಕಾರ ಅವನು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣ ಚಿಕಿತ್ಸೆಗಳನ್ನು ಮಾತ್ರ ಮಾಡಬಹುದು. ಕರು ಅಡ್ಡನಿಂತಾಗ, ಈದ ಹಸು ಮೇಲೇಳದಿದ್ದಾಗ ಅವನನ್ನು ಒತ್ತಾಯಪಡಿಸದೆ ವೈದ್ಯರನ್ನೇ ಕರೆಯಬೇಕು. ಸಂಚಾರಿ ಚಿಕಿತ್ಸಾಲಯಕ್ಕೆ ದೂರವಾಣಿ ಸಂಖ್ಯೆ 1962.